ಮಾತನ್ನು ಕೆಳಗಿಟ್ಟ ವಾರ

ಬಂದ ಸಂಜೆ

ವಿಪಸ್ಸನಾ ಎಂಬ ಬೌದ್ಧ ಧ್ಯಾನದ ಶಿಬಿರ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಬರ್ಮಾದಲ್ಲಿ ಕಲಿತ ಸತ್ಯನಾರಾಯಣ ಗೋಯೆಂಕಾ ಅವರು ಹರಡಿದ ಹತ್ತು ದಿನಗಳ ಶಿಬಿರ. ನಾನು ಹೋದದ್ದು ಅದಕ್ಕಲ್ಲ. ಬರ್ಮಾದಿಂದಲೇ ಹೊರಟ ಇನ್ನೊಂದು ಪರಂಪರೆ ಇದೆ; ಮಹಾಸಿ ಸಯಾಡೊ (1904–1982) ಎಂಬ ಭಿಕ್ಷು ಕಲಿಸಿದ್ದು. ಗೋಯೆಂಕಾ ಅವರ ಕ್ರಮದಲ್ಲಿ ಮೊದಲ ಮೂರು ದಿನ ಉಸಿರನ್ನು ಗಮನಿಸಿ, ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಸಂವೇದನೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಮಹಾಸಿ ಪದ್ಧತಿಯಲ್ಲಿ ಕುಳಿತಷ್ಟೇ ಹೊತ್ತು ನಡೆಯುವುದೂ ಉಂಟು. ಉಸಿರಾಡುವಾಗ ಹೊಟ್ಟೆ ಏರಿ ಇಳಿಯುವುದನ್ನು ಗಮನಿಸಬೇಕು. ನಡುವೆ ಏನು ಎದ್ದರೂ ಅದಕ್ಕೊಂದು ಚಿಕ್ಕ ಹೆಸರು ಕೊಟ್ಟು ನೋಡಬೇಕು. ಏರುತ್ತಿದೆ, ಇಳಿಯುತ್ತಿದೆ, ಯೋಚನೆ, ತುರಿಕೆ, ಕೇಳಿಸುತ್ತಿದೆ. ಏಷ್ಯಾದಲ್ಲಿ ಕಲಿತು ಮರಳಿದ ಜೋಸೆಫ್ ಗೋಲ್ಡ್‌ಸ್ಟೀನ್, ಶರನ್ ಸಾಲ್ಜ್‌ಬರ್ಗ್, ಜ್ಯಾಕ್ ಕಾರ್ನ್‌ಫೀಲ್ಡ್ ಮೊದಲಾದವರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತೆಗೆದುಕೊಂಡ ಕಟ್ಟಡವೊಂದು 1976ರಲ್ಲಿ ಇಂಥ ಶಿಬಿರಗಳ ಕೇಂದ್ರವಾಯಿತು. ಈಗ ಹಲವು ದೇಶಗಳಲ್ಲಿ ಹೆಚ್ಚುಕಡಿಮೆ ಇದೇ ಮಾದರಿಯ ಮೌನ ಶಿಬಿರಗಳು ನಡೆಯುತ್ತವೆ. ನಾನು ಒಂದು ವಾರ ಇದ್ದದ್ದು ಅಂಥದ್ದೊಂದರಲ್ಲಿ.

ಸುತ್ತ ಮರಗಳು, ನಡುವೆ ಧ್ಯಾನದ ಸಭಾಂಗಣ, ಅದರ ಎರಡು ಬದಿಗೆ ಕೋಣೆಗಳ ಸಾಲು, ಹಿಂದೆ ಅಡುಗೆಮನೆ. ತಿಂಗಳುಗಳ ಹಿಂದೆ ತುಂಬಿದ್ದ ಅರ್ಜಿಯಲ್ಲಿ ಬಹಳ ಕೇಳಿದ್ದರು: ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ, ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ, ಇತ್ತೀಚೆಗೆ ಹತ್ತಿರದವರನ್ನು ಕಳೆದುಕೊಂಡಿದ್ದೀರಾ. ಇದು ಕೇವಲ ಶಿಷ್ಟಾಚಾರವಲ್ಲ. ದಿನವಿಡೀ ಸುಮ್ಮನಿದ್ದಾಗ ಒಳಗೆ ಅದುಮಿಟ್ಟದ್ದು ಮೇಲೆ ಬರುತ್ತದೆ. ಕೆಲವರಿಗೆ ಹೊರಲಾರದಷ್ಟು ಬರುತ್ತದೆ. ಗುರುಗಳಿಗೆ ಮೊದಲೇ ತಿಳಿದಿದ್ದರೆ ಕುಳಿತುಕೊಳ್ಳುವುದನ್ನು ಕಡಿಮೆ ಮಾಡಿಸುತ್ತಾರೆ, ನಡೆಯಲು ಕಳಿಸುತ್ತಾರೆ, ಸದ್ಯಕ್ಕೆ ಬೇಡ ಎಂದು ಹೇಳುವುದೂ ಉಂಟು. ಹೋಗಬೇಕೆಂದಿರುವವರು ಆ ಕಾಲಂಗಳನ್ನು ಖಾಲಿ ಬಿಡಬೇಡಿ.

ಕಚೇರಿಯಲ್ಲಿ ಮೊಬೈಲ್ ಒಪ್ಪಿಸಿದೆ. ಓದುವ ಪುಸ್ತಕ, ಬರೆಯುವ ಡೈರಿಯೂ ಪೆಟ್ಟಿಗೆಯಲ್ಲೇ ಉಳಿಯಬೇಕು. ಹಾಗಾಗಿ ಇದೆಲ್ಲವೂ ಆಮೇಲೆ ನೆನಪಿನಿಂದ ಬರೆದದ್ದು. ಪ್ರತಿಯೊಬ್ಬರಿಗೂ ದಿನಕ್ಕೊಂದು ಕೆಲಸ ಹಂಚಿದರು. ಒಬ್ಬರಿಗೆ ಗುಡಿಸುವುದು, ಒಬ್ಬರಿಗೆ ಗಂಟೆ ಬಾರಿಸುವುದು, ಒಬ್ಬರಿಗೆ ಶೌಚಾಲಯ ತೊಳೆಯುವುದು. ನನ್ನ ಪಾಲಿಗೆ ಬಂದದ್ದು ಮಧ್ಯಾಹ್ನದ ಊಟದ ದೊಡ್ಡ ಪಾತ್ರೆಗಳು. ಜೊತೆಗೆ ಇನ್ನೊಬ್ಬರು, ಎಪ್ಪತ್ತರ ಆಸುಪಾಸಿನ ಮಹಿಳೆ.

ಕತ್ತಲಾದ ಮೇಲೆ ಸಭಾಂಗಣದಲ್ಲಿ ಸೇರಿದೆವು. ಗುರುಗಳು ಪಾಳಿ ಭಾಷೆಯಲ್ಲಿ ಪಂಚಶೀಲ ಹೇಳಿಕೊಟ್ಟರು: ಜೀವ ತೆಗೆಯುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ಶಿಬಿರ ಮುಗಿಯುವವರೆಗೆ ಬ್ರಹ್ಮಚರ್ಯ ಪಾಲಿಸುತ್ತೇವೆ, ಸುಳ್ಳಾಡುವುದಿಲ್ಲ, ಅಮಲು ತರುವುದನ್ನು ಮುಟ್ಟುವುದಿಲ್ಲ. ಮಧ್ಯಾಹ್ನದ ನಂತರ ಊಟ ಬಿಡುವುದೂ ಸೇರಿರುವ ಅಷ್ಟಶೀಲವನ್ನು ಬೇಕಾದವರು ತೆಗೆದುಕೊಳ್ಳಬಹುದು. ಆಮೇಲೆ ಮೌನದ ನಿಯಮ. ಮಾತಿಲ್ಲ, ಅನವಶ್ಯಕ ಸನ್ನೆಯಿಲ್ಲ, ಎದುರಿಗೆ ಬಂದವರನ್ನು ನೋಡಿ ನಗಬೇಕಾದ ಹಂಗೂ ಇಲ್ಲ. ಗುರುಗಳೊಡನೆ ಮಾತನಾಡಬಹುದು, ತುರ್ತಾದರೆ ಸೂಚನಾ ಫಲಕದ ಬಳಿ ಇಟ್ಟಿರುವ ಚೀಟಿಯಲ್ಲಿ ಬರೆದು ಅಂಟಿಸಬಹುದು. "ನೀವು ಸುಮ್ಮನಿರುವುದು ನಿಮಗಾಗಿ ಮಾತ್ರವಲ್ಲ, ಪಕ್ಕದವರಿಗಾಗಿ" ಎಂದರು ಗುರುಗಳು. ಆಗ ಅದು ಶಿಸ್ತಿನ ಮಾತಾಗಿ ಕೇಳಿಸಿತು.

ಮೊದಲನೆಯ ದಿನ

ಐದಕ್ಕೆ ಗಂಟೆ. ಐದೂವರೆಗೆ ಮೊದಲ ಸಲ ಕುಳಿತುಕೊಳ್ಳುವುದು. ಮುಂದೆ ರಾತ್ರಿ ಒಂಬತ್ತೂವರೆಯವರೆಗೆ ಮುಕ್ಕಾಲು ಗಂಟೆ ಕುಳಿತುಕೊಳ್ಳುವುದು, ಮುಕ್ಕಾಲು ಗಂಟೆ ನಡೆಯುವುದು. ನಡುವೆ ಊಟ, ಕೆಲಸ, ರಾತ್ರಿ ಒಂದು ಗಂಟೆಯ ಧರ್ಮಪ್ರವಚನ. ಬೇರೇನೂ ಇಲ್ಲ. ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದಲು ಅರ್ಧ ನಿಮಿಷ ಸಾಕು. ಆದರೂ ಎಲ್ಲರೂ ದಿನಕ್ಕೆ ಹಲವು ಸಲ ಅದರ ಮುಂದೆ ನಿಂತು ಓದುತ್ತಿದ್ದರು. ಓದಲು ಬೇರೆ ಅಕ್ಷರವೇ ಇರಲಿಲ್ಲ.

ಅಂದು ಬಂದದ್ದು ನಿದ್ದೆ. ಬರಿಯ ತೂಕಡಿಕೆಯಲ್ಲ; ತಿಂಗಳುಗಟ್ಟಲೆ ಬಾಕಿ ಉಳಿದ ದಣಿವೆಲ್ಲ ಒಟ್ಟಿಗೆ ಬಂದು ಕಣ್ಣಿನ ಮೇಲೆ ಕುಳಿತಿತು. ಸಾಲುಗಳಲ್ಲಿ ತಲೆಗಳು ಒಂದೊಂದಾಗಿ ವಾಲುತ್ತಿದ್ದವು. ಬೌದ್ಧ ಗ್ರಂಥಗಳು ಇದನ್ನು ಐದು ನೀವರಣಗಳಲ್ಲಿ, ಅಂದರೆ ಮನಸ್ಸಿನ ದಾರಿಗೆ ಅಡ್ಡ ಬರುವ ಐದು ತಡೆಗಳಲ್ಲಿ ಒಂದಾಗಿ ಎಣಿಸುತ್ತವೆ. ಆಸೆ, ದ್ವೇಷ, ಜಡತೆ, ಚಂಚಲತೆ, ಸಂಶಯ. ರಾತ್ರಿ ಗುರುಗಳು ಮೊಗ್ಗಲ್ಲಾನನ ಪ್ರಸಂಗ ಹೇಳಿದರು. ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬನಾದ ಆತನೂ ಧ್ಯಾನಕ್ಕೆ ಕುಳಿತು ತೂಕಡಿಸುತ್ತಿದ್ದನಂತೆ. ಬುದ್ಧ ಗದರಲಿಲ್ಲ, ಉಪಾಯಗಳನ್ನು ಹೇಳಿಕೊಟ್ಟ: ಕಲಿತ ಪಾಠವನ್ನು ಮನಸ್ಸಿನಲ್ಲಿ ಹೇಳಿಕೋ, ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು, ಬೆಳಕನ್ನು ನೆನೆ, ಹಿಂದೆ ಮುಂದೆ ನಡೆದಾಡು. ಇಷ್ಟಕ್ಕೂ ಹೋಗದಿದ್ದರೆ ಬಲಮಗ್ಗುಲಾಗಿ ಮಲಗು, ಏಳುವ ಸಂಕಲ್ಪ ಇಟ್ಟುಕೊಂಡು ಮಲಗು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಈ ಪಟ್ಟಿಯಲ್ಲಿ ಎಷ್ಟೊಂದು ಅಂತಃಕರಣವಿದೆ! ಕೊನೆಗೆ ಮಲಗಲೂ ಬಿಟ್ಟಿದ್ದಾನಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು.

ಎರಡನೆಯ ದಿನ

ನಿದ್ದೆ ಹೋಯಿತು, ಮಂಡಿ ಬಂತು.

ಕುಳಿತು ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಬಲಮಂಡಿಯ ಒಳಮಗ್ಗುಲಲ್ಲಿ ನೋವು ಎದ್ದಿತು. ಕುರ್ಚಿ ಕೇಳಬಹುದು, ಮಣೆಯಂಥ ಪೀಠವೂ ಇದೆ. ಯಾರೂ ಪದ್ಮಾಸನಕ್ಕೆ ಒತ್ತಾಯಿಸುವುದಿಲ್ಲ. ಆದರೆ ಕದಲುವ ಮೊದಲು ಒಮ್ಮೆ ನೋಡಿ ಎಂದಿದ್ದರು. ನೋಡಿದೆ. ದೂರದಿಂದ ನೋವು ಎಂಬ ಒಂದೇ ಗಟ್ಟಿ ವಸ್ತುವಾಗಿ ಕಾಣುತ್ತಿದ್ದದ್ದು ಹತ್ತಿರ ಹೋದಾಗ ಹಾಗೆ ಉಳಿಯಲಿಲ್ಲ. ನಡುವೆ ಕಾವು. ಅದರ ಅಂಚಿನಲ್ಲಿ ಸಣ್ಣಗೆ ಮಿಡಿತ. ಮೇಲೆ ತೊಡೆಯವರೆಗೆ ಬಿಗಿದ ಒಂದು ಸೆಳೆತ. ಮಿಡಿತ ಒಂದಷ್ಟು ಹೊತ್ತು ಇದ್ದು ನಿಲ್ಲುತ್ತಿತ್ತು. ಕಾವು ಒಂದು ಬೆರಳಿನಷ್ಟು ಕೆಳಗೆ ಸರಿಯುತ್ತಿತ್ತು. ಮತ್ತೆ ಬೇರೆ ಕಡೆ ಚುಚ್ಚುತ್ತಿತ್ತು. ಇವುಗಳ ಜೊತೆಗೆ, ಮಂಡಿಯಲ್ಲಿ ಅಲ್ಲದೆ ದವಡೆಯಲ್ಲಿ, ಇನ್ನೊಂದು ಬಿಗಿತ ಇರುವುದು ಗೊತ್ತಾಯಿತು. "ಇದು ಮುಗಿಯುವುದೇ ಇಲ್ಲ" ಎಂಬ ಹಟವೆಲ್ಲ ಅಲ್ಲಿತ್ತು. ದವಡೆ ಸಡಿಲಬಿಟ್ಟೆ. ಮಂಡಿಯ ನೋವು ಇದ್ದಲ್ಲೇ ಇತ್ತು. ಆದರೆ ಅದರೊಡನೆ ಇರಬಹುದಾಗಿತ್ತು.

ಸಲ್ಲತ್ಥ ಸುತ್ತ ಎಂಬ ಪ್ರವಚನದಲ್ಲಿ ಬುದ್ಧ ಹೇಳುವ ಎರಡು ಬಾಣಗಳ ಮಾತು ಇದನ್ನೇ ಹಿಡಿಯುತ್ತದೆ. ಒಂದು ಬಾಣ ತಗುಲಿದವನಿಗೆ ಮತ್ತೊಂದು ಬಾಣವನ್ನೂ ಹೊಡೆದರೆ ಹೇಗೋ ಹಾಗೆ, ಅರಿವಿಲ್ಲದವನು ಮೈಯ ನೋವಿನ ಮೇಲೆ ಮನಸ್ಸಿನ ನೋವನ್ನೂ ಅನುಭವಿಸುತ್ತಾನೆ. ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಇರಬಲ್ಲದು ಎಂಬುದು ಉಪದೇಶ. ಓದಿ ತಲೆದೂಗಿದ್ದ ಮಾತು ದವಡೆಯಲ್ಲಿ ಸಿಕ್ಕಿದಾಗ ಅದರ ತೂಕವೇ ಬೇರೆ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಎದ್ದ ಮೇಲೂ ಉಳಿಯುವ ನೋವು, ಮರಗಟ್ಟಿದ ಕಾಲು, ಹಳೆಯ ಗಾಯ ಇವು ಧ್ಯಾನದ ವಿಷಯವಲ್ಲ, ಕುರ್ಚಿಯ ವಿಷಯ. ತಡೆದುಕೊಳ್ಳುವುದನ್ನೇ ಸಾಧನೆಯೆಂದು ಮಾಡಿಕೊಂಡು ಮಂಡಿ ಕೆಡಿಸಿಕೊಂಡವರಿದ್ದಾರೆ.

ಮೂರನೆಯ ದಿನ

ನಡಿಗೆಯ ಬಗ್ಗೆ ಬರೆಯದೆ ಇಂಥ ಶಿಬಿರದ ಬಗ್ಗೆ ಏನು ಬರೆದರೂ ಅರ್ಧವೇ. ಬೋಧಗಯೆಯಲ್ಲಿ ಮಹಾಬೋಧಿ ದೇವಾಲಯದ ಪಕ್ಕದಲ್ಲಿ ಒಂದು ಉದ್ದನೆಯ ಜಗಲಿಯಿದೆ. ಜ್ಞಾನೋದಯದ ನಂತರ ಬುದ್ಧ ಹಿಂದೆ ಮುಂದೆ ನಡೆದಾಡಿದ ಜಾಗವೆಂದು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಹೆಜ್ಜೆಗಳ ಗುರುತಾಗಿ ಕಲ್ಲಿನ ಕಮಲಗಳಿವೆ. ಆ ನಡೆದಾಟಕ್ಕೆ ಚಂಕಮ ಎಂದು ಹೆಸರು. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಚಂಕಮದ ಐದು ಲಾಭಗಳನ್ನು ಹೇಳಿದೆ: ದೂರದ ಪ್ರಯಾಣಕ್ಕೆ ಮೈ ಒಗ್ಗುತ್ತದೆ, ಸಾಧನೆಗೆ ಕಸುವು ಬರುತ್ತದೆ, ಕಾಯಿಲೆ ಕಡಿಮೆಯಾಗುತ್ತದೆ, ಉಂಡದ್ದು ಜೀರ್ಣವಾಗುತ್ತದೆ, ನಡೆಯುತ್ತಾ ಪಡೆದ ಏಕಾಗ್ರತೆ ಬಹಳ ಕಾಲ ಬಾಳುತ್ತದೆ. ಕೊನೆಯದು ಎಷ್ಟು ನಿಜವೆಂದು ಈ ದಿನ ತಿಳಿಯಿತು.

ಮರದ ಕೆಳಗೆ ಹತ್ತು ಹದಿನೈದು ಹೆಜ್ಜೆಯ ಒಂದು ದಾರಿಯನ್ನು ಆಯ್ದುಕೊಂಡೆ. ಎಲ್ಲಿಗೂ ಹೋಗುವ ದಾರಿಯಲ್ಲ; ಕೊನೆ ಮುಟ್ಟಿ, ನಿಂತು, ತಿರುಗಿ, ಮರಳುವುದು. ಮೊದಲಿಗೆ ಎಡ, ಬಲ ಎಂದಷ್ಟೇ ಗಮನ. ಮನಸ್ಸು ಸ್ವಲ್ಪ ನಿಂತ ಮೇಲೆ ಹೆಜ್ಜೆ ಮೂರಾಗುತ್ತದೆ: ಎತ್ತುವುದು, ಮುಂದೆ ಒಯ್ಯುವುದು, ಇಡುವುದು. ಎತ್ತುವಾಗ ಹಿಮ್ಮಡಿ ಮೊದಲು ಹಗುರಾಗುತ್ತದೆ, ಭಾರವೆಲ್ಲ ಬೆರಳಿನ ಬುಡಕ್ಕೆ ಇಳಿಯುತ್ತದೆ, ಹೆಬ್ಬೆರಳು ನೆಲವನ್ನು ಕೊನೆಯದಾಗಿ ಒತ್ತಿ ಬಿಡುತ್ತದೆ. ಗಾಳಿಯಲ್ಲಿರುವ ಕಾಲಿಗೆ ತೂಕವೇ ಇಲ್ಲ. ಇಟ್ಟಾಗ ಮೊದಲು ತಣ್ಣನೆಯ ಸ್ಪರ್ಶ, ಆಮೇಲೆ ಗಡಸು, ಆಮೇಲೆ ಇಡೀ ಮೈಯ ಭಾರ. ಅಷ್ಟರಲ್ಲಿ ಇನ್ನೊಂದು ಹಿಮ್ಮಡಿ ಆಗಲೇ ಹಗುರಾಗಿರುತ್ತದೆ.

ಮಧ್ಯಾಹ್ನದ ನಡಿಗೆಯಲ್ಲಿ, ದಾರಿಯ ಕೊನೆಯಲ್ಲಿ ನಿಂತಿದ್ದಾಗ ಒಂದು ಸಂಗತಿ ಕಂಡಿತು. ತಿರುಗುವ ಮೊದಲು ತಿರುಗಬೇಕೆಂಬ ಇಚ್ಛೆ ಮೂಡುತ್ತದೆ. ಮಹಾಸಿ ಪದ್ಧತಿಯವರು ಇದನ್ನೂ ಗಮನಿಸಲು ಹೇಳುತ್ತಾರೆ. ಅದು ಮಾತಿನಲ್ಲಿ ಮೂಡುವುದಿಲ್ಲ. ಸೊಂಟದ ಹತ್ತಿರ ಸಣ್ಣದೊಂದು ಒಲವು, ಕಣ್ಣು ಆ ಕಡೆ ಹೊರಳಲು ಸಿದ್ಧವಾಗುವುದು, ಅಷ್ಟೇ. ನಾನು ಅದನ್ನು ನೋಡಿದೆ, ತಿರುಗಲಿಲ್ಲ. ಒಲವು ಕರಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಮೈ ಅದರ ಹಿಂದೆ ತಿರುಗಿತು. ಬದುಕಿನಲ್ಲಿ ಆಡಿದ ಎಷ್ಟೋ ಬಿರುಮಾತುಗಳು, ಕೊಂಡ ಎಷ್ಟೋ ವಸ್ತುಗಳು, ಎದ್ದುಹೋದ ಎಷ್ಟೋ ಕೋಣೆಗಳು ಈ ಸಣ್ಣ ಒಲವಿನಿಂದಲೇ ಶುರುವಾಗಿರಬೇಕು. ಕಾಣದೆ ಇದ್ದದ್ದರಿಂದ ಅದನ್ನೇ "ನಾನು" ಎಂದುಕೊಂಡಿದ್ದೆ. ಸತಿಪಟ್ಠಾನ ಸುತ್ತದಲ್ಲಿ ನಡೆಯುವಾಗ ನಡೆಯುತ್ತಿದ್ದೇನೆಂದು ಅರಿಯುತ್ತಾನೆ ಎಂಬ ಸಾದಾ ವಾಕ್ಯವಿದೆ. ನಾಯಿ ನರಿಗಳಿಗೂ ನಡೆಯುವುದು ಗೊತ್ತಲ್ಲ ಎಂದು ಹಳೆಯ ವ್ಯಾಖ್ಯಾನಕಾರರೇ ಆ ವಾಕ್ಯಕ್ಕೆ ಆಕ್ಷೇಪ ಎತ್ತಿ, ಯಾರು ನಡೆಯುತ್ತಾರೆ, ಯಾವ ಕಾರಣದಿಂದ ನಡೆಯುತ್ತಾರೆ ಎಂದು ಕೇಳುತ್ತಾ ಹೋಗಿದ್ದಾರೆ. ಇಚ್ಛೆ ಮೂಡುತ್ತದೆ, ಅದರಿಂದ ಮೈ ಚಲಿಸುತ್ತದೆ ಎಂಬುದು ಅವರ ಉತ್ತರ. ಒಣ ತರ್ಕವೆಂದುಕೊಂಡಿದ್ದ ಆ ಭಾಗ ಮರದ ಕೆಳಗೆ ಜೀವ ತಳೆಯಿತು.

ಅಂದು ಪಾತ್ರೆ ತೊಳೆಯುವಾಗಲೂ ಕೈ ನಿಧಾನವಾಗಿತ್ತು. ನನ್ನ ಜೊತೆಗಾರ್ತಿಯನ್ನು ಆಗ ಸರಿಯಾಗಿ ಗಮನಿಸಿದೆ. ಅವರು ದೊಡ್ಡ ಮುಚ್ಚಳಗಳನ್ನು ಕಲ್ಲಿನ ಕಟ್ಟೆಯ ಮೇಲೆ ನೇರವಾಗಿ ಇಡುತ್ತಿರಲಿಲ್ಲ. ಮೊದಲು ಮಡಚಿದ ಒರೆಸುವ ಬಟ್ಟೆಯನ್ನು ಹಾಸಿ, ಒಂದು ಅಂಚನ್ನು ತಾಗಿಸಿ, ಬೆರಳುಗಳನ್ನು ಕೆಳಗೆ ಇಟ್ಟುಕೊಂಡೇ ಇನ್ನೊಂದು ಅಂಚನ್ನು ಇಳಿಸಿ, ಆಮೇಲೆ ಬೆರಳು ಹೊರಗೆಳೆಯುತ್ತಿದ್ದರು. ಸದ್ದೇ ಇಲ್ಲ. ಅಡುಗೆಮನೆಯ ಗೋಡೆಯ ಆಚೆಗೆ ಹದಿನೈದಿಪ್ಪತ್ತು ಮಂದಿ ನಡೆಯುತ್ತಿದ್ದರು.

ನಾಲ್ಕನೆಯ ದಿನ

ಬೆಳಿಗ್ಗೆ ಗುರುಗಳೊಡನೆ ಭೇಟಿ, ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಮೂರು ದಿನ ಸುಮ್ಮನಿದ್ದ ಗಂಟಲಿನಿಂದ ಹೊರಟ ದನಿ ನನ್ನದೆನಿಸಲಿಲ್ಲ. ನಡಿಗೆಯಲ್ಲಿ ಕಂಡದ್ದನ್ನು ಉತ್ಸಾಹದಿಂದ ಹೇಳಿದೆ. ಅವರು ಪೂರ್ತಿ ಕೇಳಿದರು.

"ಈಗ ಹೇಳುತ್ತಿರುವಾಗ ಏನಾಗುತ್ತಿದೆ?" ಎಂದರು.

ಎದೆಯಲ್ಲಿ ಬಿಸಿ, ಮುಂದಕ್ಕೆ ಬಾಗಿದ ಮೈ. ಅವರು ಮೆಚ್ಚಬೇಕೆಂಬ ಆಸೆ. ಹಾಗೆಯೇ ಹೇಳಿದೆ.

"ಅದೂ ನಿನ್ನೆಯದರಷ್ಟೇ ಒಳ್ಳೆಯ ವಿಷಯ. ಇಂದು ನಿನ್ನೆಯದನ್ನು ಹುಡುಕಬೇಡಿ" ಎಂದು ಕಳಿಸಿದರು.

ಒಳ್ಳೆಯ ಗುರುವಿನ ಕೆಲಸ ಎಷ್ಟು ಚಿಕ್ಕದು, ಎಷ್ಟು ಅಗತ್ಯ! ಆ ಒಂದು ಪ್ರಶ್ನೆ ಇಲ್ಲದಿದ್ದರೆ ಉಳಿದ ದಿನಗಳನ್ನೆಲ್ಲ ಮರದ ಕೆಳಗಿನ ಆ ಗಳಿಗೆಯನ್ನು ಮರಳಿ ಕರೆಯುವುದರಲ್ಲೇ ಕಳೆಯುತ್ತಿದ್ದೆ. ಮೊಬೈಲ್‌ನಲ್ಲಿ ಕೇಳಿಸಿಕೊಂಡು ಧ್ಯಾನ ಮಾಡುವವರಿಗೆ ಸಿಗದೆ ಹೋಗುವುದು ಇದೇ.

ರಾತ್ರಿಯ ಪ್ರವಚನದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳ ಕಥೆ. ಕಾಡಿನಲ್ಲಿ ಒಟ್ಟಿಗೆ ಇದ್ದವರು. ಬುದ್ಧ ಅವರನ್ನು ಕಾಣಲು ಹೋಗಿ, ಹೊಂದಿಕೊಂಡು ಇದ್ದೀರಾ ಎಂದು ಕೇಳುತ್ತಾನೆ. ಹಾಲು ನೀರು ಬೆರೆತ ಹಾಗೆ, ಒಬ್ಬರನ್ನೊಬ್ಬರು ಒಲವಿನ ಕಣ್ಣಿನಿಂದ ನೋಡುತ್ತಾ ಇದ್ದೇವೆ ಎನ್ನುತ್ತಾನೆ ಅನುರುದ್ಧ. ಹೇಗೆ ಎಂದರೆ, ಅವನು ಹೇಳುವುದು ಮನೆಗೆಲಸದ ವಿವರ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ, ಕುಡಿಯುವ ನೀರು, ತೊಳೆಯುವ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದನ್ನು ಬೇಕಾದರೆ ಉಂಡು, ಎಲ್ಲವನ್ನೂ ತೆಗೆದಿಟ್ಟು, ಊಟದ ಜಾಗವನ್ನು ಗುಡಿಸುತ್ತಾನೆ. ನೀರಿನ ಕೊಡ ಖಾಲಿಯಾದದ್ದನ್ನು ಕಂಡವನು ತುಂಬಿಸುತ್ತಾನೆ. ಒಬ್ಬನಿಂದ ಎತ್ತಲಾಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುತ್ತಾನೆ, ಇಬ್ಬರೂ ಸೇರಿ ಎತ್ತುತ್ತಾರೆ, ಅದಕ್ಕಾಗಿ ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯೆಲ್ಲ ಕುಳಿತು ಧರ್ಮದ ಮಾತನಾಡುತ್ತಾರೆ.

ಕೇಳುತ್ತಾ ಬಟ್ಟೆ ಹಾಸಿ ಇಳಿಸಿದ ಆ ಮುಚ್ಚಳಗಳು ಕಣ್ಣ ಮುಂದೆ ಬಂದವು. ಮೌನವೆಂದರೆ ನಾನು ಬಾಯಿ ಮುಚ್ಚಿಕೊಂಡು ಇರುವುದು, ನನ್ನ ಒಳಗೆ ನಾನು ಇಳಿಯುವುದು ಎಂದು ತಿಳಿದು ಬಂದಿದ್ದೆ. ಈ ನಾಲ್ಕು ದಿನ ನನ್ನ ಸುತ್ತ ಇದ್ದ ಸದ್ದಿಲ್ಲದಿಕೆಯನ್ನು ನಾನು ಮಾಡಿರಲಿಲ್ಲ. ಬಾಗಿಲನ್ನು ಕೈಯಿಂದ ಹಿಡಿದು ಮುಚ್ಚಿದವರು, ಕೆಮ್ಮು ಬಂದಾಗ ಎದ್ದು ಹೊರಗೆ ಹೋದವರು, ರಾತ್ರಿ ಪಾದರಕ್ಷೆ ಬಿಟ್ಟು ಬರಿಗಾಲಿನಲ್ಲಿ ಪಡಸಾಲೆ ದಾಟಿದವರು, ಐವತ್ತು ಅರವತ್ತು ಮಂದಿ ಸೇರಿ ಗಳಿಗೆ ಗಳಿಗೆಗೂ ಅದನ್ನು ಕಟ್ಟಿ ನನಗೆ ಕೊಡುತ್ತಿದ್ದರು. ಒಬ್ಬನೇ ಕೋಣೆಯಲ್ಲಿ ಕುಳಿತರೆ ಸಿಗುವ ನಿಶ್ಶಬ್ದ ಬೇರೆ, ಇದು ಬೇರೆ. ಶಿಬಿರದಿಂದ ನಾನು ಕಲಿತದ್ದರಲ್ಲಿ ಇದನ್ನೇ ದೊಡ್ಡದೆಂದು ಈಗಲೂ ಎಣಿಸುತ್ತೇನೆ.

ಐದನೆಯ ದಿನ

ಕಷ್ಟದ ದಿನ. ಬೆಳಿಗ್ಗೆಯಿಂದಲೇ ತೀರಿಹೋದವರೊಬ್ಬರ ನೆನಪು ಬಂತು, ಹೋಗಲಿಲ್ಲ. ದುಃಖ ಎಂದು ಹೆಸರಿಟ್ಟೆ; ಹೆಸರಿಗೆ ಅದು ಬಗ್ಗಲಿಲ್ಲ. ಅಳು ಬಂದಾಗ ಅತ್ತೆ. ಸಭಾಂಗಣದಲ್ಲಿ ಯಾರೂ ತಿರುಗಿ ನೋಡಲಿಲ್ಲ, ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿದ್ದವರು ಕುಳಿತಿದ್ದ ಹಾಗೆಯೇ ಕುಳಿತಿದ್ದರು. ಅದಕ್ಕಿಂತ ಒಳ್ಳೆಯ ಆಸರೆಯನ್ನು ನಾನು ಅಂದು ಬಯಸುವಂತಿರಲಿಲ್ಲ.

ಮಧ್ಯಾಹ್ನ ಇನ್ನೂ ಬಿಗಿಯಾಗಿ ಪ್ರಯತ್ನಿಸಿದೆ, ಇನ್ನೂ ಚದುರಿತು. ಚೀಟಿ ಬರೆದು ಗುರುಗಳನ್ನು ಕೇಳಿದೆ. ಉತ್ತರವಾಗಿ ಒಂದೇ ಹೆಸರು ಬರೆದು ಅಂಟಿಸಿದ್ದರು: ಸೋಣ. ರಾತ್ರಿ ಆ ಕಥೆಯನ್ನು ಎಲ್ಲರಿಗೂ ಹೇಳಿದರು. ಸಿರಿವಂತರ ಮನೆಯ ಸೋಣ ಭಿಕ್ಷುವಾಗಿ, ಅಂಗಾಲು ಒಡೆದು ರಕ್ತ ಬರುವಷ್ಟು ಚಂಕಮ ಮಾಡಿ, ಫಲ ಕಾಣದೆ ಮನೆಗೆ ಮರಳಲು ಯೋಚಿಸುತ್ತಿದ್ದಾಗ ಬುದ್ಧ ಬಂದು ಕೇಳಿದ: ನೀನು ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಬಹಳ ಬಿಗಿದಿದ್ದರೆ ನಾದ ಹೊರಡುತ್ತಿತ್ತೇ? ಸಡಿಲವಾಗಿದ್ದರೆ? ಅವನಿಗೆ ಗೊತ್ತಿದ್ದ ವಿದ್ಯೆಯಿಂದಲೇ ಅವನಿಗೆ ದಾರಿ ತೋರಿಸಿದ ಆ ಬಗೆ ನನಗೆ ಬಹಳ ಇಷ್ಟ. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತೆ.

ಆರನೆಯ ದಿನ

ಮೆತ್ತಾ ಭಾವನೆಗೆ, ಅಂದರೆ ಎಲ್ಲರ ಒಳಿತನ್ನು ಬಯಸುವ ಮೈತ್ರಿಯ ಧ್ಯಾನಕ್ಕೆ ಮೀಸಲಾದ ದಿನ. ಸುಖವಾಗಿರಲಿ, ಭಯವಿಲ್ಲದಿರಲಿ, ಮೈಮನ ಆರೋಗ್ಯವಾಗಿರಲಿ ಎಂಬಂಥ ಮಾತುಗಳನ್ನು ಮನಸ್ಸಿನಲ್ಲಿ ನಿಧಾನವಾಗಿ ಹೇಳಿಕೊಳ್ಳುವುದು. ಇದಕ್ಕೊಂದು ಕ್ರಮವಿದೆ, ಐದನೆಯ ಶತಮಾನದ ಆಚಾರ್ಯ ಬುದ್ಧಘೋಷ ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಮೊದಲು ತನಗೆ, ಆಮೇಲೆ ಗೌರವಕ್ಕೆ ಪಾತ್ರರಾದವರಿಗೆ, ಪ್ರಿಯರಿಗೆ, ಆಮೇಲೆ ಬೇಕೆಂದೂ ಬೇಡವೆಂದೂ ಅನಿಸದ ತಟಸ್ಥರಿಗೆ, ಕೊನೆಗೆ ವೈರಿಗೆ.

ನನಗೆ ತೊಡಕಾದದ್ದು ತಟಸ್ಥರಲ್ಲಿ. ಶಿಬಿರದಲ್ಲಿದ್ದವರಲ್ಲೇ ಒಬ್ಬರನ್ನು ಆರಿಸಿ ಎಂದರು. ಇವರಲ್ಲಿ ಯಾರ ಹೆಸರೂ ಗೊತ್ತಿಲ್ಲ, ಸುಲಭ ಎಂದುಕೊಂಡೆ. ಮುಂದಿನ ಸಾಲಿನ ನೀಲಿ ಶಾಲಿನವರು? ಅವರು ಕುಳಿತುಕೊಳ್ಳುವ ಮೊದಲು ಪ್ರತಿ ಸಲವೂ ಪಕ್ಕದವರ ಶಾಲಿನ ಚುಂಗನ್ನು ದಾರಿಯಿಂದ ಸರಿಸಿ ಇಡುತ್ತಾರೆ. ಗಂಟೆ ಬಾರಿಸುವ ಹುಡುಗ? ಮೊದಲ ದಿನ ಕೈ ನಡುಗುತ್ತಿತ್ತು, ಈಗ ಸ್ಪಷ್ಟವಾಗಿ ಬಾರಿಸುತ್ತಾನೆ. ಊಟದ ಸಾಲಿನಲ್ಲಿ ಸದಾ ಕೊನೆಗೆ ನಿಲ್ಲುವವರು? ಒಂದು ಮಾತೂ ಆಡದೆ, ಮುಖವನ್ನೂ ಸರಿಯಾಗಿ ನೋಡದೆ, ಇವರೆಲ್ಲರೂ ನನಗೆ ಬೇಕಾದವರಾಗಿಬಿಟ್ಟಿದ್ದರು. ತಟಸ್ಥರೊಬ್ಬರಿಗಾಗಿ ಶಿಬಿರದ ಹೊರಗೆ ಹುಡುಕಬೇಕಾಯಿತು. ವೈರಿಯ ಸರದಿ ಬಂದಾಗ ಪೂರ್ತಿ ಆಗಲಿಲ್ಲ. "ಭಯವಿಲ್ಲದಿರಲಿ" ಎಂಬುದನ್ನು ಮಾತ್ರ ಮನಸ್ಸಾರೆ ಹೇಳಿದೆ.

ಕೊನೆಯ ರಾತ್ರಿ ಗುರುಗಳು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗ ಎಂಬ ಭಾಗದಿಂದ ಒಂದು ಪ್ರಸಂಗ ತೆಗೆದರು. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಜಗಳವಿಲ್ಲದೆ ಕಳೆಯಲು, ಒಬ್ಬರೊಡನೊಬ್ಬರು ಮಾತನಾಡುವುದೇ ಬೇಡವೆಂದು ಒಪ್ಪಂದ ಮಾಡಿಕೊಂಡರು. ಮೊದಲು ಬಂದವನು ಆಸನ ಹಾಸುವುದು, ಖಾಲಿ ಕೊಡ ತುಂಬಿಸುವುದು, ಕೈಸನ್ನೆ ಮಾಡಿ ಇಬ್ಬರು ಎತ್ತುವುದು, ಎಲ್ಲವೂ ಅನುರುದ್ಧನ ವಿವರವೇ. ಮಳೆಗಾಲ ಮುಗಿಸಿ ಸಾವತ್ಥಿಗೆ ಬಂದು ಹೇಳಿದಾಗ ಬುದ್ಧ ಮೆಚ್ಚಲಿಲ್ಲ. ಕುರಿ ದನಗಳ ಹಾಗೆ ಒಟ್ಟಿಗೆ ಇದ್ದು ಬಂದಿದ್ದೀರಿ ಎಂದು ಖಂಡಿಸಿ, ಅಂಥ ಮೂಕವ್ರತವನ್ನು ನಿಷೇಧಿಸಿದ. ಅದರ ಬದಲು ಮಳೆಗಾಲದ ಕೊನೆಗೆ ಪವಾರಣಾ ಎಂಬ ವಿಧಿಯನ್ನು ಗೊತ್ತುಮಾಡಿದ: ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ದೋಷವನ್ನು ಕನಿಕರವಿಟ್ಟು ಹೇಳಿ ಎಂದು ಒಬ್ಬೊಬ್ಬ ಭಿಕ್ಷುವೂ ಸಂಘವನ್ನು ಬೇಡಿಕೊಳ್ಳಬೇಕು.

ಅದೇ ಕೊಡ, ಅದೇ ಸನ್ನೆ. ಒಂದು ಕಡೆ ಮೆಚ್ಚುಗೆ, ಇನ್ನೊಂದು ಕಡೆ ಖಂಡನೆ. ಅನುರುದ್ಧನ ಗುಂಪಿಗೆ ಐದನೆಯ ರಾತ್ರಿಯ ಮಾತು ಇತ್ತು. ಕೋಸಲದವರು ಜಗಳಕ್ಕೆ ಹೆದರಿ ಮಾತನ್ನೇ ಬಿಟ್ಟಿದ್ದರು. ಮನೆಗಳಲ್ಲಿ, ಕಚೇರಿಗಳಲ್ಲಿ ನಾವು ಕಾಣುವ ಮೌನ ಬಹಳ ಸಲ ಎರಡನೆಯ ಬಗೆಯದು. ಈ ಪ್ರಸಂಗವನ್ನು ಶಿಬಿರದ ಮೊದಲ ದಿನವೇ ಹೇಳಬೇಕೆಂದು ನನಗನಿಸುತ್ತದೆ. ಮೌನವನ್ನೇ ದೇವರು ಮಾಡಿಕೊಂಡು ಹೋಗುವವರು ಕಡಿಮೆಯಾಗುತ್ತಾರೆ.

ಹೊರಡುವ ದಿನ

ಬೆಳಿಗ್ಗೆ ಕುಳಿತು ಎದ್ದ ನಂತರ ಮೌನ ತೆರೆಯಿತು. ಒಮ್ಮೆಲೇ ಅಲ್ಲ. ಮೊದಲು ಇಬ್ಬಿಬ್ಬರು ಎದುರುಬದುರು ಕುಳಿತು, ಒಬ್ಬರು ಐದು ನಿಮಿಷ ಮಾತನಾಡುವುದು, ಇನ್ನೊಬ್ಬರು ಬರಿದೆ ಕೇಳುವುದು, ಆಮೇಲೆ ಅದಲುಬದಲು. ನಂತರ ಗುರುಗಳು ಮನೆಗೆ ಹೋಗುವವರಿಗೆ ಹೇಳುವ ಮಾತುಗಳು: ಒಂದೆರಡು ದಿನ ದೊಡ್ಡ ನಿರ್ಧಾರಗಳನ್ನು ಮಾಡಬೇಡಿ, ಮನೆಯವರು ನೀವಿಲ್ಲದೆ ಒಂದು ವಾರ ದುಡಿದಿದ್ದಾರೆ, ಮೊದಲು ಅವರ ಮಾತು ಕೇಳಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಕುಳಿತುಕೊಳ್ಳಿ. ಕಲಿಸಿದ್ದಕ್ಕೆ ಗುರುಗಳು ಶುಲ್ಕ ತೆಗೆದುಕೊಳ್ಳುವುದಿಲ್ಲ; ಇಷ್ಟವಿದ್ದವರು ದಾನ ಕೊಡುತ್ತಾರೆ, ಎಷ್ಟೆಂದು ಯಾರೂ ಕೇಳುವುದಿಲ್ಲ.

ಊಟದ ಮನೆಯಲ್ಲಿ ಗದ್ದಲವೋ ಗದ್ದಲ. ಎಲ್ಲರೂ ಎಲ್ಲರೊಡನೆ ಮಾತನಾಡುತ್ತಿದ್ದರು. ನನ್ನ ಜೊತೆಗಾರ್ತಿ ಮಾತ್ರ ಒಂದು ಬದಿಗೆ ಸರಿದು ಅಡುಗೆಮನೆಯ ಕಡೆ ನಡೆದರು. ಹಿಂದೆಯೇ ಹೋಗಿ, ಇಷ್ಟು ದಿನ ಹೇಳಬೇಕೆಂದಿದ್ದದ್ದನ್ನು ಹೇಳಿದೆ: ನೀವು ಮುಚ್ಚಳ ಇಡುವುದನ್ನು ನೋಡಿ ನಾನು ಕಲಿತೆ.

ಅವರು ಕಿವಿಯ ಹತ್ತಿರ ಕೈ ತಂದು, "ಇನ್ನೊಮ್ಮೆ ಹೇಳಿ, ಸ್ವಲ್ಪ ಗಟ್ಟಿಯಾಗಿ. ಎಡಗಡೆಯದು ಕೇಳಿಸುವುದೇ ಇಲ್ಲ, ಬಲಗಡೆಗೆ ಯಂತ್ರವಿದೆ" ಎಂದರು.

ಗಟ್ಟಿಯಾಗಿ ಹೇಳಿದೆ.

"ಓ, ಅದೇ? ಅದು ಬಿದ್ದರೆ ಎಷ್ಟು ಸದ್ದಾಗುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲವಲ್ಲ. ಅದಕ್ಕೇ ಬಟ್ಟೆ. ಹೊರಗೆ ನೀವೆಲ್ಲ ನಡೆಯುತ್ತಿರುತ್ತೀರಿ" ಎಂದರು. ಸ್ವಲ್ಪ ತಡೆದು, "ಹತ್ತು ಮಂದಿ ಒಟ್ಟಿಗೆ ಮಾತನಾಡಿದರೆ ನನಗೆ ಒಂದೂ ಹಿಡಿಯುವುದಿಲ್ಲ. ಇಲ್ಲಿ ಒಂದು ವಾರ ಎಲ್ಲರೂ ನನ್ನ ಹಾಗೆಯೇ ಇರುತ್ತೀರಿ. ಅದಕ್ಕಾಗಿಯೂ ಬರುತ್ತೇನೆ" ಎಂದರು.

ಕೊನೆಯ ಊಟದ ಪಾತ್ರೆಗಳು ಬಾಕಿ ಇದ್ದವು. ಮುಂದಿನ ಶಿಬಿರದವರು ಸಂಜೆಗೆ ಬರುವವರಿದ್ದರು. ಕೋಣೆ ಗುಡಿಸಿ, ಹಾಸಿಗೆ ಹೊದಿಕೆ ತೆಗೆದು ಕೊಟ್ಟು ಹೊರಡಬೇಕಿತ್ತು. ನಾನು ಅವರ ಬಲಮಗ್ಗುಲಿಗೆ ಬಂದು ನಿಂತೆ. ಪಾತ್ರೆ ಮುಗಿಯುವವರೆಗೆ ಇಬ್ಬರೂ ಮಾತನಾಡಿದೆವು.